ದ್ವೀಪಕ್ಕೆ ಹೊರಟ ಮಗ್ಗುಲಮ್ಮ

ಕಿಟಕಿಯಾಚೆ ಬಂದರಿನ ದೀಪಗಳು ಇನ್ನೂ ಆರಿಲ್ಲ. ಆಸ್ಪತ್ರೆಯ ಹಿಂಬದಿಯ ಉದ್ದನೆಯ ವಾರ್ಡಿನಲ್ಲಿ ಒಬ್ಬರು ಕೆಮ್ಮುತ್ತಾರೆ, ಇನ್ನೊಬ್ಬರು ನಿದ್ದೆಗಣ್ಣಿನಲ್ಲೇ ನೀರು ಕೇಳುತ್ತಾರೆ. ಬಾಗಿಲ ಪಕ್ಕದ ಬೇಸಿನ್ನಿನಲ್ಲಿ ಮೊಣಕೈವರೆಗೆ ಕೈ ತೊಳೆದ ಗಿಡ್ಡನೆಯ ಹೆಂಗಸೊಬ್ಬರು ಅಂಗೈಗೆ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಮೊದಲ ಮಂಚದ ಹತ್ತಿರ ಬಂದು ನಿಲ್ಲುತ್ತಾರೆ. ತಣ್ಣನೆ ಕೈಯಲ್ಲಿ ಯಾರನ್ನೂ ಮುಟ್ಟಬಾರದು ಎನ್ನುವುದು ಅವರ ಮೊದಲ ಪಾಠ. ಹೇಳದೆ ಕೇಳದೆ ಮುಟ್ಟಬಾರದು ಎನ್ನುವುದು ಎರಡನೆಯದು.

“ಟೈಲರಕ್ಕಾ, ನಾನು ಬಂದೆ. ಬಲಮಗ್ಗುಲಿಗೆ ಹೋಗೋಣ್ವಾ?”

“ಹೋಗೋಣಮ್ಮ. ಎಡಗಡೆ ಊರೆಲ್ಲ ನೋಡಿ ಮುಗೀತು,” ಎನ್ನುತ್ತಾರೆ ಮಂಚದ ಮೇಲಿನ ಹೆಂಗಸು. ಹೊಲಿಗೆ ಅಂಗಡಿಯ ಮೆಟ್ಟಿಲಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು ಇವರು. ನಾಲಿಗೆ ಮಾತ್ರ ಕತ್ತರಿಯಷ್ಟೇ ಚುರುಕಾಗಿ ಉಳಿದಿದೆ.

ಗಿಡ್ಡನೆಯ ಹೆಂಗಸು ಟೈಲರಕ್ಕನ ಮೊಣಕಾಲು ಮಡಿಸುತ್ತಾರೆ. ಒಂದು ಕೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ. “ಒಂದು... ಎರಡು...” ಎಂದು ಹೇಳಿ ಸುಮ್ಮನಾಗುತ್ತಾರೆ. ಮೂರು ಎನ್ನಬೇಕಾದವರು ಟೈಲರಕ್ಕ. ಅವರ ಬಾಯಿಂದ ಆ ಮಾತು ಬರುವ ತನಕ ಯಾರೂ ಎಳೆಯುವಂತಿಲ್ಲ. ಮಾತು ಬಿದ್ದುಹೋದವರು ಮೂರಕ್ಕೆ ಕಣ್ಣು ಮುಚ್ಚಿ ತೆರೆದರೆ ಸಾಕು. “ಹೊರಳೋ ಮೈ ಅವರದು ತಾನೇ? ಮೂರು ಅನ್ನೋ ಹಕ್ಕೂ ಅವರದೇ,” ಎನ್ನುವುದು ಇವರ ವಾದ. ಟೈಲರಕ್ಕ ಮೂರು ಎನ್ನುತ್ತಾರೆ, ಮೈ ಹಗುರವಾಗಿ ಹೊರಳುತ್ತದೆ. ಬೆನ್ನಿಗೊಂದು ದಿಂಬು, ಎರಡು ಮಂಡಿಗಳ ನಡುವೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕೆಳಗೊಂದು ಮಡಿಸಿದ ಬಟ್ಟೆ. ಕೊನೆಗೆ ಹಾಸಿಗೆಯ ಮೇಲೆ ಅಂಗೈ ಆಡಿಸಿ ಒಂದೇ ಒಂದು ಸುಕ್ಕೂ ಉಳಿಯದಂತೆ ಬಟ್ಟೆ ಎಳೆಯುತ್ತಾರೆ.

ಸೊಂಟದ ಮೂಳೆಯ ಮೇಲೆ ಸ್ವಲ್ಪ ಕೆಂಪಾಗಿದೆ. ಬೆರಳಿನಿಂದ ಒತ್ತಿ ಬಿಡುತ್ತಾರೆ. ಒತ್ತಿದ ಜಾಗ ಬಿಳಿಚಿ ಮತ್ತೆ ಕೆಂಪಾಗುತ್ತದೆ. ಬಿಳಿಚದೆ ಹಾಗೇ ಉಳಿದಿದ್ದರೆ ಒಳಗೆ ಹುಣ್ಣು ಹೊಂಚು ಹಾಕುತ್ತಿದೆ ಎಂದು ಅರ್ಥ. ಬಿಳಿಚಿತಲ್ಲ, ಸದ್ಯ! “ಸ್ತೋತ್ರ,” ಎಂದು ಮೆಲ್ಲಗೆ ದೇವರಿಗೆ ವಂದನೆ ಹೇಳಿ ಅವರು ಮುಂದಿನ ಮಂಚಕ್ಕೆ ನಡೆಯುತ್ತಾರೆ.

ವಾರ್ಡಿನಲ್ಲಿ ಇಪ್ಪತ್ತೆರಡು ಮಂಚಗಳಿವೆ. ಪಾರ್ಶ್ವವಾಯು ಬಡಿದವರು, ಬೆನ್ನು ಮುರಿದುಕೊಂಡವರು, ತಾವಾಗಿ ಹೊರಳಲಾರದವರು. ಅವರನ್ನೆಲ್ಲ ಎರಡು ಗಂಟೆಗೊಮ್ಮೆ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೊರಳಿಸುತ್ತಲೇ ಇರಬೇಕು. ಇಲ್ಲದಿದ್ದರೆ ಒತ್ತಡಕ್ಕೆ ಚರ್ಮ ಒಡೆದು ಬೆನ್ನಹುಣ್ಣಾಗುತ್ತದೆ. ಆ ಹುಣ್ಣು ಒಮ್ಮೆ ಕಾಲಿಟ್ಟರೆ ಜೀವ ಹಿಂಡಿಬಿಡುತ್ತದೆ. ಈ ಕೆಲಸಕ್ಕೆ ಆಸ್ಪತ್ರೆಯಲ್ಲಿ ಹುದ್ದೆಯೂ ಇಲ್ಲ, ಹೆಸರೂ ಇಲ್ಲ. ಮಾಡುವವರಿಗೆ ಮಾತ್ರ ಹೆಸರಿದೆ. ಒಳರೋಗಿಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಕರೆಯುವುದು ಮಗ್ಗುಲಮ್ಮ ಎಂದೇ.

ಅವರು ನರ್ಸ್ ಅಲ್ಲ, ಆಯಾ ಕೂಡ ಅಲ್ಲ. ಮಿಷನರಿ. ಅದೂ ಈ ಊರಿನ ಮಿಷನರಿಯಲ್ಲ. ದೂರದ ಒಂದು ದ್ವೀಪದಲ್ಲಿ ಶಾಲೆ ನಡೆಸಿ ಸುವಾರ್ತೆ ಸಾರಲು ನೇಮಕಗೊಂಡವರು. ಇಪ್ಪತ್ತಮೂರು ವರ್ಷದಿಂದ ಮಿಷನ್ ಕಚೇರಿಯಲ್ಲಿ ಅವರ ಹೆಸರಿನ ಮುಂದೆ ‘ಪ್ರಯಾಣ ಬಾಕಿ’ ಎಂದೇ ಇದೆ. ಆ ಬಾಕಿ ಈಗ ತೀರುವ ಹೊತ್ತು ಬಂದಿದೆ. ಈ ಶನಿವಾರ ಬಂದರಿನಿಂದ ಲಾಂಚು ಹೊರಡುತ್ತದೆ. ಅದರಲ್ಲಿ ಮಗ್ಗುಲಮ್ಮ ಮತ್ತು ಅವರ ಯಜಮಾನರಿಗೆ ಜಾಗವಿದೆ. ಇವತ್ತು ಸೋಮವಾರ, ಹತ್ತುತ್ತೇವೆ ಎಂದಾಗಲೀ ಇಲ್ಲ ಎಂದಾಗಲೀ ಅವರಿನ್ನೂ ಬಾಯಿಬಿಟ್ಟಿಲ್ಲ.

“ಕೇಳ್ಬೇಡಿ. ಕೇಳಿದ್ರೆ ಅಳು ಬರುತ್ತೆ,” ಎನ್ನುತ್ತಾರೆ. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ಒದ್ದೆಯಾಗಿಯೇ ಬಿಟ್ಟಿರುತ್ತದೆ. ಮುಂದಿನ ಮಂಚದವರು ಕಾಯುತ್ತಿದ್ದಾರೆಂದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ, ಮತ್ತೆ ಕೈ ತೊಳೆಯಲು ಹೋಗುತ್ತಾರೆ.

ಮದುವೆಯಾದ ಹೊಸತರಲ್ಲಿ ಗಂಡಹೆಂಡತಿ ಇಬ್ಬರಿಗೂ ಒಂದೇ ಹುಚ್ಚು. ಯಜಮಾನರು ಬಡಗಿ. ದ್ವೀಪದಲ್ಲಿ ಶಾಲೆ ಕಟ್ಟುವುದು ಅವರ ಪಾಲಿನ ಕೆಲಸ, ಕಲಿಸುವುದು ಇವರ ಪಾಲಿನದು. ಆ ದ್ವೀಪದ ಭಾಷೆಗೆ ಪುಸ್ತಕವಿಲ್ಲ. ಅಲ್ಲಿಂದ ಮದುವೆಯಾಗಿ ಬಂದಿದ್ದ ಒಬ್ಬ ಹೆಂಗಸಿನ ಅಡುಗೆಮನೆಯಲ್ಲಿ ಕೂತು ಎರಡು ವರ್ಷ ಕಲಿತರು. ಚರ್ಚಿನ ಸಭೆಯವರು ಕಣ್ಣಲ್ಲಿ ನೀರು ತುಂಬಿಕೊಂಡು ಬೀಳ್ಕೊಟ್ಟರು. ತಾಯಿ ತಲೆಯ ಮೇಲೆ ಕೈಯಿಟ್ಟು, “ದ್ವೀಪದ ಜನಕ್ಕೆ ನಿನ್ನನ್ನ ಕೊಟ್ಟೆ,” ಎಂದು ಪ್ರಾರ್ಥನೆ ಮಾಡಿದರು.

ಇದೇ ಬಂದರು, ದೋಣಿ ಹತ್ತುವ ಇದೇ ಧಕ್ಕೆ. ಬೆಳಿಗ್ಗೆ ಲಾಂಚು ಬಂದು ನಿಂತಿತ್ತು, ಸಾಮಾನೆಲ್ಲ ಏರಿಯಾಗಿತ್ತು. ಕೊನೆಯ ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ಯಜಮಾನರು ಲಾಂಚಿಗೆ ಹತ್ತುವ ಹಲಗೆಯ ಮೇಲೆ ಕಾಲಿಟ್ಟರು, ನೋಡಿ, ಒದ್ದೆ ಹಲಗೆ ಜಾರಿತು. ಕಲ್ಲಿನ ಮೆಟ್ಟಿಲ ಮೇಲೆ ಬಿದ್ದ ಏಟಿಗೆ ಬೆನ್ನುಮೂಳೆ ಬಿರುಕುಬಿಟ್ಟಿತು. ಅವರನ್ನು ಇದೇ ಆಸ್ಪತ್ರೆಯ ಇದೇ ವಾರ್ಡಿಗೆ ತಂದರು. ಉಬ್ಬರ ಇಳಿಯುವ ಮೊದಲು ಹೊರಡಲೇಬೇಕಾದ ಲಾಂಚು ಸಾಮಾನು ಸಮೇತ ಹೊರಟುಹೋಯಿತು.

“ಸಾಮಾನು ದ್ವೀಪ ಮುಟ್ಟಿತು, ನಾವು ಮುಟ್ಟಲಿಲ್ಲ,” ಎಂದು ಮಗ್ಗುಲಮ್ಮ ಈಗ ನಗುತ್ತಾರೆ. “ಮದುವೇಲಿ ಕೊಟ್ಟ ಹೊಸ ಕುಕ್ಕರು! ಒಂದ್ಸಲ ಕೂಡ ಸೀಟಿ ಹಾಕಿಸಿರಲಿಲ್ಲ ನಾನು. ನೋಡಿ, ನನ್ನ ಕುಕ್ಕರು ಮಿಷನರಿ ಆಗ್ಬಿಡ್ತು, ನಾನಾಗಲಿಲ್ಲ.”

ಆಗ ನಗು ಬಂದಿರಲಿಲ್ಲ. ಗಂಡ ಹಲಗೆಯಂತೆ ಬಿದ್ದುಕೊಂಡಿದ್ದರು. ವಾರ್ಡಿಗೆ ಹೊಸದಾಗಿ ಸೇರಿದ್ದ ಒಬ್ಬ ನರ್ಸ್ ಅವರನ್ನು ಹೇಗೆ ಹೊರಳಿಸಬೇಕೆಂದು ಇವರ ಕೈಹಿಡಿದು ಕಲಿಸಿದರು. ಕುತ್ತಿಗೆ, ಬೆನ್ನು, ಕಾಲು ಎಲ್ಲವೂ ಒಂದೇ ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಬೇಕು, ತಿರುಚಬಾರದು. ಆ ನರ್ಸೇ ಇವತ್ತಿನ ದೊಡ್ಡ ಸಿಸ್ಟರ್. ವಾರ್ಡಿನಲ್ಲಿ ಅವರ ಮಾತೇ ಕಡೆಯ ಮಾತು.

ಗಂಡನನ್ನು ನೋಡಿಕೊಳ್ಳುವ ನಡುವೆಯೂ ಇವರಿಗೆ ಒಂದೇ ಕೊರಗು. ಹೊರಟಿದ್ದು ದೇವರ ಸೇವೆಗೆ, ಕೂತಿರುವುದು ಆಸ್ಪತ್ರೆಯ ಸ್ಟೂಲಿನ ಮೇಲೆ. ಸುಮ್ಮನಿರಲಾರದೆ ಒಂದು ಮಧ್ಯಾಹ್ನ ಬೈಬಲ್ ಹಿಡಿದುಕೊಂಡು ಪಕ್ಕದ ಮಂಚಕ್ಕೆ ಹೋದರು. ಅಲ್ಲಿದ್ದವನು ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾಗಿದ್ದ ಮುದುಕ, ಎಲ್ಲರ ಬಾಯಲ್ಲಿ ಕ್ರೇನಜ್ಜ. ಗೋಡೆಗೆ ಮುಖ ಮಾಡಿ ಮಲಗಿದ್ದ. ಇವರು ಕಲಿತಿದ್ದ ಮಾತನ್ನೆಲ್ಲ ಒಟ್ಟುಗೂಡಿಸಿ, ಗಂಟಲು ಸರಿಮಾಡಿಕೊಂಡು, “ಅಜ್ಜಾ, ಇನ್ನಾದ್ರೂ ದೇವರ ಕಡೆ ತಿರುಗಿಕೊಳ್ಳಿ,” ಎಂದರು.

ಅಜ್ಜ ಗೋಡೆಗೇ ಹೇಳುವವನ ಹಾಗೆ ಹೇಳಿದ. “ಬೆಳಗಿಂದ ಅದೇ ನೋಡ್ತಿದೀನಿ ತಾಯಿ. ನನ್ನಿಂದ ಆಗ್ತಿಲ್ಲ. ದೇವರು ಯಾವ ಕಡೆ ಇದ್ದಾನೋ ಗೊತ್ತಿಲ್ಲ, ಕಿಟಕಿ ಕಡೆ ತಿರುಗಿಸಿದ್ರೆ ನಿಮಗೆ ಪುಣ್ಯ ಬರುತ್ತೆ.”

ಇವರು ಬೈಬಲನ್ನು ಸ್ಟೂಲಿನ ಮೇಲಿಟ್ಟು, ಗಂಡನ ಮೇಲೆ ಕಲಿತ ವಿದ್ಯೆಯನ್ನು ಅಜ್ಜನ ಮೇಲೆ ಪ್ರಯೋಗಿಸಿದರು. ಹೊರಳಿಸಿದ ಮೇಲೆ ಅವನ ಬೆನ್ನು ಕಾಣಿಸಿತು. ಕೆಳಬೆನ್ನಿನಲ್ಲಿ ಅಂಗೈಯಗಲದ ಹಸಿ ಹುಣ್ಣು. ವಾರ್ಡಿಗೆ ಆಗ ಇದ್ದದ್ದು ಒಬ್ಬ ನರ್ಸ್, ಒಬ್ಬ ಆಯಾ. ಯಾರನ್ನು ದೂರುವುದು? ಇವರು ಸಿಸ್ಟರನ್ನು ಕರೆದರು, ಹುಣ್ಣು ತೊಳೆಯುವಾಗ ಅಜ್ಜನ ಕೈ ಹಿಡಿದು ನಿಂತರು. ಅಜ್ಜ ಕಿಟಕಿಯಲ್ಲಿ ಕಾಣುತ್ತಿದ್ದ ಕ್ರೇನನ್ನೇ ನೋಡುತ್ತ, “ಅದು ನಂದು, ಆ ಹಳದಿಯದು,” ಎಂದ. ಎರಡು ಗಂಟೆ ಕಳೆದ ಮೇಲೆ ಇವರು ಮತ್ತೆ ಅವನ ಮಂಚದ ಹತ್ತಿರ ಹೋದರು. ಅಲ್ಲಿಂದ ಶುರು.

ಮಗ್ಗುಲಮ್ಮ ಎಂದು ಹೆಸರಿಟ್ಟವನೂ ಆ ಕ್ರೇನಜ್ಜನೇ. ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಅವನು ಆಮೇಲೆ ಎರಡು ವರ್ಷ ಬದುಕಿದ. ಕೊನೆಯ ತನಕ ತನ್ನ ದೇವರನ್ನೇ ನೆನೆಯುತ್ತಿದ್ದ, ಇವರು ಪಕ್ಕದಲ್ಲಿ ಕೂತು ತಮ್ಮ ದೇವರನ್ನು ನೆನೆಯುತ್ತಿದ್ದರು. ಈ ಬಗ್ಗೆ ಇಬ್ಬರ ನಡುವೆ ಒಂದು ದಿನವೂ ತಕರಾರಾಗಲಿಲ್ಲ.

ತಕರಾರಾದದ್ದು ಮಿಷನ್ ಕಚೇರಿಯವರ ಜೊತೆ. ಅದೂ ಒಂದು ಸಲ, ಫೋನಿನಲ್ಲಿ. ವರ್ಷದ ಕೊನೆಗೆ ಆಗಿನ ಕಾರ್ಯದರ್ಶಿಗಳು ಕರೆಮಾಡಿ, “ಈ ವರ್ಷ ಎಷ್ಟು ಜನ ತಿರುಗಿಕೊಂಡ್ರಮ್ಮ?” ಎಂದು ಕೇಳಿದರು.

“ತಾವಾಗೇ ತಿರುಗಿಕೊಳ್ಳೋರು ಯಾರಿದ್ದಾರೆ ಸಾರ್? ನಾನೇ ತಿರುಗಿಸ್ತೀನಿ. ದಿನಾ ಇಪ್ಪತ್ತೆರಡು ಜನ.”

“ದಿನಾ?”

“ಹೌದು ಸಾರ್. ಎರಡು ಗಂಟೆಗೊಂದ್ಸಲ. ತಿರುಗಿಸಿದ ತಕ್ಷಣ ದಿಂಬು ಕೊಟ್ಬಿಡ್ತೀವಿ. ಇಲ್ದಿದ್ರೆ ವಾಪಸ್ ಹೋಗ್ಬಿಡ್ತಾರೆ.”

“ಅಯ್ಯೋ, ದಿಂಬಿನ ಆಸೆ ತೋರಿಸಿ ತಿರುಗಿಸೋದು ತಪ್ಪಮ್ಮ!”

ಕಾರ್ಯದರ್ಶಿಗಳು ಹೌಹಾರಿದ್ದರು. ವಿಷಯ ತಿಳಿಯಾಗುವ ಹೊತ್ತಿಗೆ ಇವರ ಪಕ್ಕದ ಮಂಚದಲ್ಲಿದ್ದ ಯಜಮಾನರು ನಕ್ಕೂ ನಕ್ಕೂ ಬೆನ್ನು ನೋಯಿಸಿಕೊಂಡಿದ್ದರು. ಬಿದ್ದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಹಾಗಾಗಿ ಆ ಫೋನ್ ಕರೆಗೂ ಮಗ್ಗುಲಮ್ಮ ಇವತ್ತಿಗೂ ಸ್ತೋತ್ರ ಹೇಳುತ್ತಾರೆ.

ಯಜಮಾನರು ಎದ್ದು ಕೋಲು ಹಿಡಿದು ನಡೆಯಲು ಒಂದೂವರೆ ವರ್ಷವೇ ಬೇಕಾಯಿತು. ಅಷ್ಟರಲ್ಲಿ ದ್ವೀಪಕ್ಕೆ ಬೇರೆ ದಂಪತಿಯನ್ನು ಕಳುಹಿಸಿಯಾಗಿತ್ತು. ಅವರು ಇವರದೇ ಕುಕ್ಕರಿನಲ್ಲಿ ಅಡುಗೆ ಮಾಡುತ್ತಿದ್ದರು. ಮುಂದಿನ ಸರದಿ ನಿಮ್ಮದು, ಕಾಯಿರಿ ಎಂದರು ಮಿಷನ್ ಕಚೇರಿಯವರು. ಕಾಯುತ್ತಿರುವಾಗಲೇ ದ್ವೀಪಕ್ಕೆ ಹೊಸಬರು ಹೋಗುವಂತಿಲ್ಲ ಎಂಬ ಸರ್ಕಾರದ ಆಜ್ಞೆ ಬಂತು. ಇವತ್ತು ತೆಗೆಯುತ್ತಾರೆ, ನಾಳೆ ತೆಗೆಯುತ್ತಾರೆ ಎಂದು ಕಾದದ್ದೇ ಬಂತು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಎಂಟು ವರ್ಷ ಆ ಮನೆಯ ಗೋಡೆಗೆ ಒಂದು ಮೊಳೆಯೂ ಹೊಡೆದಿರಲಿಲ್ಲ. ಅದೂ ಬಡಗಿಯ ಮನೆ! ಹೋಗುವ ಊರು ಬೇರೆ ಇರುವಾಗ ಇಲ್ಲೇಕೆ ಮೊಳೆ ಎಂದು. ಕೊನೆಗೊಂದು ದಿನ ಕುರ್ಚಿಯ ಮೇಲೆ ಬಟ್ಟೆ ರಾಶಿ ಹಾಕಿ ಹಾಕಿ ಸಾಕಾಗಿ ಯಜಮಾನರು ಸಾಲಾಗಿ ಆರು ಮೊಳೆ ಹೊಡೆದೇಬಿಟ್ಟರು. ಆ ಸಂಜೆ ಮಗ್ಗುಲಮ್ಮ ಊಟ ಮಾಡಲಿಲ್ಲ.

“ಸತ್ತುಹೋದೋರ ಮನೇಲಿ ಅಳ್ತಾರಲ್ಲ, ಹಾಗೆ ಅತ್ತೆ. ಇವರು ಪಾಪ, ಮೊಳೆ ಕಿತ್ತುಬಿಡ್ಲಾ ಅಂತ ಸುತ್ತಿಗೆ ಹಿಡ್ಕೊಂಡು ನಿಂತಿದ್ರು,” ಎನ್ನುತ್ತಾರೆ.

ಕಲಿತ ಭಾಷೆ ಮಾತ್ರ ಹಾಳಾಗಲಿಲ್ಲ. ವಾರ್ಡಿನಲ್ಲಿ ಗಂಡಹೆಂಡತಿ ಜಗಳವಾಡುವುದು ಅದರಲ್ಲೇ. ಬಡಗಿ ಮಾವ ಎಂದು ಎಲ್ಲರೂ ಕರೆಯುವ ಯಜಮಾನರು ಈಗ ಮಂಚಗಳಿಗೆ ಹಿಡಿಕೆ, ಕಾಲು ಆನಿಸುವ ಇಳಿಜಾರು ಹಲಗೆ ಎಲ್ಲ ಮಾಡಿಕೊಡುತ್ತಾರೆ. ಹಿಡಿಕೆ ಒಂದು ಬೆರಳಷ್ಟು ಮೇಲಾದರೂ ಸಾಕು, ಮಗ್ಗುಲಮ್ಮನ ದ್ವೀಪಭಾಷೆ ಶುರುವಾಗುತ್ತದೆ. “ಏನಂದ್ರು ಅಂತ ನಮಗೆ ತಿಳಿಯಲ್ಲ. ಆದ್ರೆ ಯಾರು ಗೆದ್ದರು ಅಂತ ಮುಖ ನೋಡಿದ್ರೇ ತಿಳಿಯುತ್ತೆ,” ಎಂದು ಟೈಲರಕ್ಕ ಕಣ್ಣು ಮಿಟುಕಿಸುತ್ತಾರೆ.

ಹೀಗಿರುವಾಗ ಎರಡು ವಾರದ ಹಿಂದೆ ಫೋನ್ ಬಂತು. ಈಗಿನ ಕಾರ್ಯದರ್ಶಿಗಳು ಹೊಸಬರು, ಸಜ್ಜನರು. ದ್ವೀಪದ ಬಾಗಿಲು ತೆರೆದಿದೆ, ಅಲ್ಲಿದ್ದ ದಂಪತಿ ವಯಸ್ಸಾಗಿ ಹಿಂದಿರುಗುತ್ತಿದ್ದಾರೆ, ಶಾಲೆಗೆ ಜನ ಬೇಕು, ನಿಮ್ಮ ಹೆಸರೇ ಮೊದಲು ಎಂದರು. ನೀವು ಬೇಡವೆಂದರೆ ನಿಮ್ಮ ನಂತರದ ಸರದಿಯ ದಂಪತಿ ಪಕ್ಕದೂರಿನಲ್ಲೇ ಗಂಟುಮೂಟೆ ಕಟ್ಟಿಕೊಂಡು ಕಾಯುತ್ತಿದ್ದಾರೆ ಎಂದೂ ಹೇಳಿದರು. ಆಮೇಲೆ ಸಂಕೋಚದಿಂದ ಒಂದು ಮಾತು ಸೇರಿಸಿದರು. “ಬೇಡ ಅಂದ್ರೆ ನಿಮ್ಮ ಹೆಸರನ್ನ ದ್ವೀಪದ ಮಿಷನರಿಗಳಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ ಅಕ್ಕ. ಸಭೇಲಿ ಪ್ರಾರ್ಥನೆಗೆ ಓದೋದೂ ನಿಲ್ಲುತ್ತೆ.”

ಎದೆಗೆ ಚುಚ್ಚಿದ್ದು ಅದು. ತವರಿನ ಸಭೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಪ್ರತಿ ಭಾನುವಾರ ಅವರಿಬ್ಬರ ಹೆಸರು ಓದಿ ‘ದ್ವೀಪಕ್ಕೆ ಕಳುಹಿಸಲ್ಪಟ್ಟವರು’ ಎಂದು ಪ್ರಾರ್ಥಿಸುತ್ತಾರೆ. ತಾಯಿ ಸಾಯುವವರೆಗೂ ಮುಂದಿನ ಬೆಂಚಿನಲ್ಲಿ ಕೂತು ಗಟ್ಟಿಯಾಗಿ ಆಮೆನ್ ಎನ್ನುತ್ತಿದ್ದರು. ಈಗ ತಾನಾಗಿ ಹೋಗುವುದಿಲ್ಲ ಎಂದರೆ ಅಮ್ಮನ ಅಷ್ಟು ವರ್ಷದ ಪ್ರಾರ್ಥನೆಗೆ ಏನು ಬೆಲೆ? ಹೋದರೆ ಈ ಇಪ್ಪತ್ತೆರಡು ಮಂಚಗಳ ಗತಿಯೇನು? ಅಡಕತ್ತರಿಯಲ್ಲಿ ಸಿಕ್ಕಿಕೊಂಡಂತಾಯಿತು ಅವರ ಪಾಡು. ಯಜಮಾನರನ್ನು ಕೇಳಿದರೆ ಅವರದು ಒಂದೇ ಮಾತು. “ನನ್ನ ಬೆನ್ನನ್ನ ಕೇಳಬೇಡ, ಅದು ಯಾವತ್ತೋ ಬೇಡ ಅಂದಿದೆ. ನೀನು ಹೋಗೋಣ ಅಂದ್ರೆ ಅದನ್ನೂ ಹೊತ್ಕೊಂಡು ಬರ್ತೀನಿ.”

ಸೋಮವಾರ ಸಂಜೆ ಮಗ್ಗುಲಮ್ಮ ದೊಡ್ಡ ಸಿಸ್ಟರ್ ಹತ್ತಿರ ತಮ್ಮ ಸಂಕಟ ತೋಡಿಕೊಂಡರು. “ನಾನು ಹೋದ್ರೆ ಇವರನ್ನೆಲ್ಲ ಯಾರು ನೋಡ್ತಾರೆ ಸಿಸ್ಟರ್?” ಎಂದಾಗ, ಹೋಗಬೇಡಿ ಎನ್ನುತ್ತಾರೆ ಎಂದು ಒಳಗೊಳಗೇ ಆಸೆಯಿತ್ತು. ಸಿಸ್ಟರ್ ಬ್ಯಾಂಡೇಜು ಸುತ್ತುತ್ತ ತಲೆಯೆತ್ತದೆ, “ನಾವು ನೋಡ್ಕೋತೀವಿ. ನೀವು ಆರಾಮಾಗಿ ಹೋಗಿ. ಬೇಕಾದ್ರೆ ನಾಳೆಯಿಂದ್ಲೇ ರಜ ತಗೊಳ್ಳಿ, ಗಂಟು ಕಟ್ಟೋದಿರುತ್ತೆ,” ಎಂದುಬಿಟ್ಟರು.

ಇವರ ಮುಖ ಊದಿತು. ಆಯಿತು, ನೋಡಿಕೊಳ್ಳಲಿ ಎಂದು ಮಂಗಳವಾರ ಮನೆಯಲ್ಲೇ ಉಳಿದರು. ಬುಧವಾರವೂ ಹೋಗಲಿಲ್ಲ. ಗಂಟು ಕಟ್ಟುವುದು ಬಿಡಿ, ಒಂದು ಸೀರೆಯನ್ನೂ ಮಡಿಸಲಿಲ್ಲ. ಎರಡು ಗಂಟೆಗೊಮ್ಮೆ ಎದ್ದು ನಿಲ್ಲುವುದು, ಮತ್ತೆ ಕೂರುವುದು. ರಾತ್ರಿ ಮಲಗಿದ ಯಜಮಾನರನ್ನೇ ಎರಡು ಸಲ ಹೊರಳಿಸಿದರಂತೆ. “ನನಗೆ ಬೆನ್ನು ಮುರಿದಿದ್ದು ಆಗ ಕಣೇ, ಈಗಲ್ಲ,” ಎಂದು ಅವರು ಗೊಣಗಿದರಂತೆ.

ಗುರುವಾರ ತಡೆಯಲಾಗಲಿಲ್ಲ. ಬೆಳಕು ಹರಿಯುವ ಮುಂಚೆಯೇ ಹೊರಟು, ಬಾಗಿಲಿನಿಂದ ಹೋಗದೆ ಬಟ್ಟೆ ಒಣಗಿಸುವ ಅಂಗಳದ ಕಡೆಯಿಂದ ಬಂದು ವಾರ್ಡಿನ ಕಿಟಕಿಯಲ್ಲಿ ಇಣುಕಿದರು. ಕಳ್ಳಿಯ ಹಾಗೆ ಎಂದು ತಾವೇ ಹೇಳುತ್ತಾರೆ. ಏನು ಕಾಣುತ್ತದೋ ಎಂದು ಜೀವ ಬಾಯಿಗೆ ಬಂದಿತ್ತು.

ಒಳಗೆ ಟೈಲರಕ್ಕನ ಗಂಡ ಅಂಗೈ ಉಜ್ಜಿಕೊಳ್ಳುತ್ತಿದ್ದರು. “ಬಂದೆ ಕಣೇ. ಒಂದು... ಎರಡು...” ಎಂದು ನಿಲ್ಲಿಸಿದರು. ಟೈಲರಕ್ಕ ಬೇಕೆಂದೇ ಸತಾಯಿಸಿ ಸತಾಯಿಸಿ ಮೂರು ಎಂದರು. ಆಚೆ ಸಾಲಿನಲ್ಲಿ ಆಯಾ ಮತ್ತು ಗೇಟಿನ ಕಾವಲುಗಾರ ಸೇರಿ ದಪ್ಪನೆಯ ಮೇಷ್ಟ್ರೊಬ್ಬರನ್ನು ಬಟ್ಟೆ ಹಿಡಿದು ಹೊರಳಿಸುತ್ತಿದ್ದರು. ಹಿಮ್ಮಡಿಯ ಕೆಳಗೆ ಮಡಿಸಿದ ಬಟ್ಟೆ ಇತ್ತು. ಹಾಸಿಗೆಯಲ್ಲಿ ಸುಕ್ಕಿರಲಿಲ್ಲ. ಯಾರೋ ಒಬ್ಬರ ಮಗಳು ತಾಯಿಯ ಬೆನ್ನನ್ನು ಬೆರಳಿನಿಂದ ಒತ್ತಿ ನೋಡಿ, “ಬಿಳಿಚಿತು ಸಿಸ್ಟರ್, ಸ್ತೋತ್ರ!” ಎಂದಳು. ಆ ಮನೆಯವರು ಯಾವ ಸಭೆಗೂ ಹೋಗುವವರಲ್ಲ. ಬೆನ್ನು ಬಿಳಿಚಿದರೆ ಹೇಳುವ ಮಾತೇ ಅದು ಎಂದುಕೊಂಡಿದ್ದಾಳೆ.

“ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿದುಹೋಯ್ತು,” ಎನ್ನುತ್ತಾರೆ ಮಗ್ಗುಲಮ್ಮ. “ನಾನಿಲ್ದೆ ಎಲ್ಲ ಎಷ್ಟು ಚೆನ್ನಾಗಿ ನಡೀತಿದೆ! ಒಬ್ಬರಾದ್ರೂ ಮಗ್ಗುಲಮ್ಮ ಎಲ್ಲಿ ಅಂತ ಕೇಳ್ಬಾರ್ದಾ? ಅಲ್ಲೇ ಒಗೆಯೋ ಕಲ್ಲಿನ ಮೇಲೆ ಕೂತ್ಬಿಟ್ಟೆ. ಸ್ವಾಮೀ, ಇನ್ನು ನನ್ನನ್ನ ಇಲ್ಲಿ ಹಿಡಿದಿಟ್ಟಿರೋದು ಏನೂ ಇಲ್ಲ, ನಡಿ ದ್ವೀಪಕ್ಕೇ ಹೋಗ್ತೀನಿ ಅಂದೆ.”

ಹಾಗೆ ಹೇಳಿದ ಮೇಲೆ ಏಳಬೇಕಿತ್ತು. ಏಳಲಿಲ್ಲ. ಒಳಗಿಂದ ದನಿಗಳು ಕೇಳುತ್ತಿದ್ದವು, ಒಂದು, ಎರಡು, ಆಮೇಲೆ ಯಾರದೋ ಕ್ಷೀಣ ದನಿಯಲ್ಲಿ ಮೂರು. ಕೇಳುತ್ತ ಕೇಳುತ್ತ ಉರಿ ತಣ್ಣಗಾಯಿತು. ಎಲ್ಲೋ ಕಲಿಸಬೇಕೆಂದು ಹೊರಟವಳು ತಾನು. ಕಲಿಸಿದ್ದು ಇದಲ್ಲವೇ, ಕಲಿತವರು ಇವರಲ್ಲವೇ? ಗೊತ್ತೇ ಆಗದೆ ಒಂದು ಶಾಲೆ ನಡೆದುಹೋಗಿತ್ತು. ಅವರಿಗೆ ಅಳು ಬಂತು. ಈ ಸಲದ ಅಳು ಬೇರೆ ಬಗೆಯದು, ಹೊಟ್ಟೆ ತುಂಬ ಉಂಡು ಎದ್ದವರಿಗೆ ಬರುವ ತೇಗಿನಂಥದು. ಕೂತಲ್ಲೇ ಒಂದೊಂದೇ ಹೆಸರು ಹಿಡಿದು ಸ್ತೋತ್ರ ಹೇಳಿದರು. ಜಾರಿದ ಹಲಗೆಗೂ ಹೇಳಿದರಂತೆ.

“ಆಗ ಒಳಗೆ ಹೋಗಬೇಕು ಅನ್ನಿಸ್ತು. ಅವರಿಗೆ ನಾನು ಬೇಕು ಅಂತ ಅಲ್ಲ. ನೋಡಿದೆನಲ್ಲ, ಬೇಕಿಲ್ಲ. ನನಗೆ ಅವರು ಬೇಕು ಅಂತ.”

ಅವತ್ತು ಒಳಗೆ ಹೋಗಲಿಲ್ಲ. ಮನೆಗೆ ಬಂದು ಮೊದಲು ತಂಗಿಗೆ ಫೋನ್ ಮಾಡಿದರು. ತವರಿನ ಸಭೆಯಲ್ಲಿ ಅಮ್ಮನ ಪಕ್ಕ ಕೂರುತ್ತಿದ್ದವಳು ಅವಳೇ. ಹೋಗುವುದಿಲ್ಲ ಎಂದರೆ ಅಮ್ಮನ ಮಾತು ಮುರಿದಂತಲ್ಲವೇ ಎಂದು ತಡವರಿಸುತ್ತ ಕೇಳಿದರು.

“ಅಕ್ಕಾ, ಅಮ್ಮ ಕೊನೆ ಕೊನೆಗೆ ಆಮೆನ್ ಅಂತಿದ್ಲು, ಆದ್ರೆ ದ್ವೀಪ ಅನ್ನೋ ಮಾತನ್ನೇ ಬಿಟ್ಟಿದ್ಲು,” ಎಂದಳು ತಂಗಿ. “ನನ್ನ ಮಗಳು ಎಲ್ಲಿದ್ದಾಳೋ ಅಲ್ಲಿ ಅಂತಿದ್ಲು. ಯಾಕಮ್ಮ ಅಂದ್ರೆ, ದೇವರಿಗೆ ವಿಳಾಸ ಗೊತ್ತಿರುತ್ತೆ ಬಿಡೇ ಅಂತ ನನಗೇ ಬೈದಿದ್ಲು.”

ಆಮೇಲೆ ಕಾರ್ಯದರ್ಶಿಗಳಿಗೆ ಫೋನ್ ಹೋಯಿತು. ಪಕ್ಕದೂರಿನಲ್ಲಿ ಕಾಯುತ್ತಿರುವ ದಂಪತಿಯನ್ನೇ ಕಳುಹಿಸಿ ಎಂದರು. ಕಾಯುವುದೆಂದರೆ ಏನು ಎಂದು ತಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದರು. ಆ ಜೋಡಿಯ ಹುಡುಗಿಗೆ ದ್ವೀಪದ ಭಾಷೆ ಬರದು ಎಂದು ಗೊತ್ತಾದಾಗ ದಿನಾ ಸಂಜೆ ಫೋನಿನಲ್ಲಿ ತಾವೇ ಕಲಿಸುವುದಾಗಿ ಒಪ್ಪಿಕೊಂಡರು. “ಜಗಳದ ಮಾತು ಮೊದಲು ಕಲಿಸು. ಗಂಡಹೆಂಡತಿ ಇಬ್ಬರೇ ಇರ್ತಾರೆ, ಅದೇ ಜಾಸ್ತಿ ಬೇಕಾಗೋದು,” ಎಂದು ಹಿಂದಿನಿಂದ ಬಡಗಿ ಮಾವ ಕೂಗಿದ್ದು ಕಾರ್ಯದರ್ಶಿಗಳಿಗೂ ಕೇಳಿಸಿತು.

ಕೊನೆಯಲ್ಲಿ ಅವರು ಮೆಲ್ಲಗೆ, “ಹಾಗಾದ್ರೆ ಹೆಸರು ತೆಗೀಬೇಕಾಗುತ್ತಲ್ಲ ಅಕ್ಕ,” ಎಂದರು.

“ತೆಗೀರಿ,” ಎಂದರು ಮಗ್ಗುಲಮ್ಮ. “ಆ ಜಾಗದಲ್ಲಿ ಆ ಮಕ್ಕಳ ಹೆಸರು ಗಟ್ಟಿಯಾಗಿ ಓದಿ.”

ಶನಿವಾರ ಧಕ್ಕೆಗೆ ಇಬ್ಬರೂ ಹೋಗುತ್ತಾರೆ. ದಂಪತಿ ಎಳೆಯರು, ಹುಡುಗಿಯ ಕೈಯಲ್ಲಿ ಹೊಸ ಬಕೆಟ್ಟು, ಹುಡುಗನ ಹೆಗಲಲ್ಲಿ ಹಾಸಿಗೆ ಸುರುಳಿ. ಹಲಗೆ ಒದ್ದೆಯಾಗಿದೆ. ಬಡಗಿ ಮಾವ ಕೋಲನ್ನು ಪಕ್ಕಕ್ಕೆ ಎಸೆದು, ನೆಲಕ್ಕೆ ಕೂತು, ಎರಡೂ ಕೈಯಿಂದ ಹಲಗೆಯನ್ನು ಅದುಮಿ ಹಿಡಿಯುತ್ತಾರೆ. ಅವರಿಬ್ಬರೂ ದಾಟುವ ತನಕ ಕೈ ಬಿಡುವುದಿಲ್ಲ. ಲಾಂಚಿನಿಂದ ಹುಡುಗಿ ಕೈಬೀಸಿ ದ್ವೀಪದ ಭಾಷೆಯಲ್ಲಿ ಏನನ್ನೋ ಕೂಗುತ್ತಾಳೆ. ಒಂದೇ ಸಂಜೆಯ ಪಾಠ, ಉಚ್ಚಾರಣೆ ಎಡವಟ್ಟಾಗಿ ಹೋಗಿಬರುತ್ತೇವೆ ಎನ್ನುವ ಮಾತು ಬೇರೆ ಇನ್ನೇನೋ ಆಗಿಬಿಡುತ್ತದೆ. ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ನಗು ತಡೆದುಕೊಳ್ಳುತ್ತಾರೆ. ಲಾಂಚು ತಿರುವು ದಾಟಿ ಮರೆಯಾಗುತ್ತದೆ. ಮಗ್ಗುಲಮ್ಮ ಅಲ್ಲೇ ಸ್ವಲ್ಪ ಹೊತ್ತು ನಿಂತಿರುತ್ತಾರೆ. ಅಳುವುದಿಲ್ಲ.

ಅಲ್ಲಿಂದ ನೆಟ್ಟಗೆ ವಾರ್ಡಿಗೆ.

ಬಾಗಿಲಲ್ಲೇ ಎದುರಾದ ದೊಡ್ಡ ಸಿಸ್ಟರ್ ಕಣ್ಣರಳಿಸುತ್ತಾರೆ. ಮಂಚಗಳ ಮೇಲೆ ಗುಸುಗುಸು ಏಳುತ್ತದೆ. ಬಾಗಿಲಿಗೆ ಬೆನ್ನು ಮಾಡಿ ಮಲಗಿದ್ದ ಟೈಲರಕ್ಕ, “ಯಾರ್ರೀ ಅದು, ಯಾರಾದ್ರೂ ಹೇಳ್ರೀ, ನನಗೆ ಕಾಣ್ತಿಲ್ಲ,” ಎಂದು ಚಡಪಡಿಸುತ್ತಾರೆ.

“ಏನಮ್ಮಾ ಇದು, ಲಾಂಚು ತಪ್ಪಿಹೋಯ್ತಾ?” ಎನ್ನುತ್ತಾರೆ ಸಿಸ್ಟರ್.

“ಇಲ್ಲ ಸಿಸ್ಟರ್,” ಎಂದು ಮಗ್ಗುಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾರೆ. “ಇಪ್ಪತ್ತಮೂರು ವರ್ಷ ಇಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ಇವತ್ತು ಬಂದಿದ್ದೀನಿ.”